*ಇಂದಿನ ಧಮ್ಮಚಿಂತನೆ: ಉಳಿಸಿದ ಜೀವಕ್ಕೊಂದು ಮನೆ*



ಧಮ್ಮಬಂಧುಗಳೇ,

ವರ್ಷಾವಾಸ ನಡೆದಿದೆ. ಬೆಳಗಾವಿಯ ಮಳೆಯಂತೂ ಬಿಡುವು ಕೊಡುತ್ತಿಲ್ಲ. ಈ ದಿನಗಳಲ್ಲಿ ನಮ್ಮ ಶಹಾಪುರದ ಓಣಿಗಳಲ್ಲಿ ನಡೆದಾಡುವವರಿಗೆ ಬೆಕ್ಕಿನ ಮರಿಗಳ ಕೂಗು ಕೇಳದೆ ಇರುವುದಿಲ್ಲ. ಗಟಾರದ ಕಲ್ಲಿನ ಕೆಳಗೆ, ನಿಂತ ಟೆಂಪೋದ ಅಡಿಯಲ್ಲಿ, ಮಗ್ಗದ ಶೆಡ್ಡಿನ ಹಿಂದೆ. ಕೆಲವು ಅಲ್ಲೇ ಹುಟ್ಟಿದವು. ಕೆಲವನ್ನು ಯಾರೋ ಚೀಲದಲ್ಲಿ ತಂದು ಸುರಿದು ಹೋಗಿರುತ್ತಾರೆ. ಅಂಥ ಜೀವವನ್ನು ಉಳಿಸುವುದು, ಉಳಿಸಿದ ಮೇಲೆ ಅದಕ್ಕೊಂದು ಒಳ್ಳೆಯ ಮನೆ ಹುಡುಕುವುದು ಇಂದಿನ ಚಿಂತನೆಯ ವಿಷಯ.

ಹೋದ ವಾರ ವಂದನೆ ಮುಗಿದ ಮೇಲೆ ಈ ಮಾತು ಬಂದಾಗ ಹಿರಿಯ ಉಪಾಸಿಕೆಯೊಬ್ಬರು ನೇರವಾಗಿಯೇ ಕೇಳಿದರು: "ಸರ್, ಬೆಕ್ಕು ನಾಯಿಗೆ ಕುಡ್ಯಾಕ ಬಿಟ್ಟ ನೀರು ನಮ್ಮ ಅಜ್ಜಗ ಮುಟ್ಟಾಕ ಬಿಡಲಿಲ್ಲ. ಈಗ ನಮಗ ಬೆಕ್ಕಿನ ಚಾಕರಿ ಮಾಡ್ರಿ ಅಂತೀರೇನ್ರಿ?"

ಆಯಿಯ ಈ ಪ್ರಶ್ನೆಗೆ ಉತ್ತರ ಕೊಡದೆ ಮುಂದೆ ಹೋಗುವುದು ಸರಿಯಲ್ಲ. ಅದು ಅವರೊಬ್ಬರ ಪ್ರಶ್ನೆಯೂ ಅಲ್ಲ.

*1. ಕೆರೆಗೆ ಬೇಲಿ ಹಾಕಿದವರು ಯಾರು?*

ಆಯಿ ಹೇಳಿದ್ದು ಪೂರ್ತಿ ನಿಜ. ಮಹಾಡದ ಚವದಾರ ಕೆರೆಯ ನೀರು ದನಕರುಗಳಿಗೆ, ನಾಯಿ ಬೆಕ್ಕುಗಳಿಗೆ ಮುಕ್ತವಾಗಿತ್ತು, ನಮ್ಮವರಿಗೆ ಇರಲಿಲ್ಲ. ಅದಕ್ಕಾಗಿಯೇ 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ಹೋಗಿ ಆ ನೀರನ್ನು ಮುಟ್ಟಿದರು, ಕುಡಿದರು. 1931ರ ಆಗಸ್ಟ್‌ನಲ್ಲಿ ಮುಂಬೈಯ ಮಣಿಭವನದಲ್ಲಿ ಗಾಂಧೀಜಿಯವರನ್ನು ಮೊದಲ ಸಲ ಕಂಡಾಗಲೂ ಇದೇ ನೋವನ್ನು ಮುಖಕ್ಕೆ ಮುಖ ಹೇಳಿದರು: ನಾಯಿ ಬೆಕ್ಕಿಗಿಂತ ಕಡೆಯಾಗಿ ಕಾಣುವ ನಾಡನ್ನು ನನ್ನ ನಾಡು ಎಂದು ಹೇಗೆ ಕರೆಯಲಿ ಎಂಬುದು ಅವರ ಮಾತಿನ ಸಾರ.

ಅದಕ್ಕೂ ಮೊದಲಿನ ಬರೋಡಾದ ಸಂಗತಿ ನೆನಪಿಸಿಕೊಳ್ಳಿ. ವಿದೇಶದಲ್ಲಿ ಓದಿ ಬಂದು ಸಂಸ್ಥಾನದ ನೌಕರಿಗೆ ಸೇರಿದ ಬಾಬಾಸಾಹೇಬರಿಗೆ ಆ ಊರಲ್ಲಿ ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ವಸತಿಗೃಹದಿಂದ ದೊಣ್ಣೆ ಹಿಡಿದು ಬಂದವರು ಹೊರಹಾಕಿದರು. ಇಬ್ಬರು ಗೆಳೆಯರನ್ನು ಆಸರೆ ಕೇಳಿದರು. ಇಬ್ಬರೂ ನಯವಾಗಿ ಜಾರಿಕೊಂಡರು. ರೈಲಿನ ಹೊತ್ತಾಗುವವರೆಗೆ ಸಾರ್ವಜನಿಕ ಉದ್ಯಾನದಲ್ಲಿ ಕುಳಿತು, ಊರು ಬಿಟ್ಟರು.

ಈಗ ನಮ್ಮಲ್ಲಿ ಅನೇಕರು ನೋಡಿರುವ ಒಂದು ಫೋಟೋಕ್ಕೆ ಬನ್ನಿ. 1934ರ ಫೆಬ್ರವರಿ, ದಾದರಿನ ರಾಜಗೃಹ. ಬಾಬಾಸಾಹೇಬರು, ಮಾತೆ ರಮಾಬಾಯಿ, ಮಗ ಯಶವಂತ, ಅತ್ತಿಗೆ ಲಕ್ಷ್ಮೀಬಾಯಿ, ಅಣ್ಣನ ಮಗ ಮುಕುಂದ. ಅವರ ಜೊತೆಗೆ ಆ ಚಿತ್ರದಲ್ಲಿ ಇನ್ನೊಂದು ಜೀವವೂ ಇದೆ: ಅವರ ಪ್ರೀತಿಯ ನಾಯಿ ಟಾಬಿ.

ಮಹಾಡದ ಅವಮಾನ ಕಂಡವರು, ಬರೋಡಾದಲ್ಲಿ ತಲೆಯ ಮೇಲೆ ಸೂರು ಸಿಗದವರು, ತಮ್ಮದೇ ಮನೆ ಕಟ್ಟಿದಾಗ ಅಲ್ಲಿ ಒಂದು ಮೂಕಪ್ರಾಣಿಗೂ ಮನೆಮಂದಿಯ ಜೊತೆ ಜಾಗವಿತ್ತು. ಕೆರೆಗೆ ಬೇಲಿ ಹಾಕಿದವನು ಮನುಷ್ಯ. ಬೆಕ್ಕು ಯಾರ ಜಾತಿಯನ್ನೂ ಕೇಳಲಿಲ್ಲ. ನಮ್ಮ ಸಿಟ್ಟು ಬೇಲಿ ಹಾಕಿದವರ ಮೇಲೆ ಇರಲಿ, ಹೋರಾಟವೂ ಅಲ್ಲಿಯೇ ನಡೆಯಲಿ. ಅದನ್ನು ಬಿಟ್ಟು ಬೆಕ್ಕಿನ ಸೇವೆ ಮಾಡಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಎರಡಕ್ಕೂ ನಮ್ಮ ಎದೆಯಲ್ಲಿ ಜಾಗವಿದೆ ಎಂಬುದಷ್ಟೇ ಇಲ್ಲಿಯ ಮಾತು.

*2. ಹದಿಮೂರನೆಯ ಪ್ರತಿಜ್ಞೆ*

1956ರ ಅಕ್ಟೋಬರ್‌ನಲ್ಲಿ ನಾಗಪುರದ ದೀಕ್ಷಾಭೂಮಿಯಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಹದಿಮೂರನೆಯದು ಪ್ರಾಣಿಮಾತ್ರದ ಕುರಿತಾದದ್ದು. ನಮ್ಮ ಗಡಿಭಾಗದಲ್ಲಿ ಅದನ್ನು ಮರಾಠಿಯಲ್ಲಿಯೂ ಹೇಳಿಕೊಳ್ಳುವವರು ಬಹಳ ಇದ್ದಾರೆ. ಅಲ್ಲಿ ದಯೆ ಎಂಬ ಮಾತಿನ ಜೊತೆಗೇ 'ಲಾಲನ-ಪಾಲನ' ಎಂಬ ಮಾತೂ ಬರುತ್ತದೆ. ಅವೆರಡು ಬೇರೆ ಬೇರೆ ಕೆಲಸ. ದಯೆ ಒಂದು ಕ್ಷಣದಲ್ಲಿ ಹುಟ್ಟುತ್ತದೆ. ಲಾಲನೆ ಪಾಲನೆಗೆ ದಿನಗಳು, ತಿಂಗಳುಗಳು ಬೇಕು. ಮರಿಯನ್ನು ಕಂಡು "ಅಯ್ಯೋ ಪಾಪ" ಎಂದರೆ ಪ್ರತಿಜ್ಞೆಯ ಅರ್ಧ ಮಾತ್ರ ನಡೆದಂತಾಯಿತು.

ನಮ್ಮ ಕನ್ನಡದಲ್ಲಿ 'ಸಾಕು' ಎಂಬ ಒಂದು ಸೊಗಸಾದ ಪದವಿದೆ. 'ಇನ್ನು ಬೇಡ' ಎಂಬುದಕ್ಕೂ ಅದೇ ಪದ, 'ಪೋಷಿಸು' ಎಂಬುದಕ್ಕೂ ಅದೇ ಪದ. ಬಾಗಿಲಿಗೆ ಬಂದ ಜೀವಕ್ಕೆ ನಾವು ಯಾವ 'ಸಾಕು' ಹೇಳುತ್ತೇವೆ ಎಂಬುದರಲ್ಲಿ ನಮ್ಮ ಧಮ್ಮ ಗೊತ್ತಾಗುತ್ತದೆ.

*3. ಹಕ್ಕಿ ಯಾರದು?*

'ಬುದ್ಧ ಮತ್ತು ಆತನ ಧಮ್ಮ' ಗ್ರಂಥದ ಮೊದಲ ಭಾಗದಲ್ಲೇ ಬಾಲಕ ಸಿದ್ಧಾರ್ಥ ಮತ್ತು ದೇವದತ್ತರ ಪ್ರಸಂಗ ಬರುತ್ತದೆ. ಬಾಣ ತಗುಲಿ ಬಿದ್ದ ಹಕ್ಕಿಯನ್ನು ಸಿದ್ಧಾರ್ಥ ಎತ್ತಿಕೊಂಡು, ಬಾಣ ಕಿತ್ತು, ಗಾಯಕ್ಕೆ ಕಟ್ಟಿ, ನೀರು ಕುಡಿಸಿ, ಎದೆಗವಚಿ ಬೆಚ್ಚಗಿಟ್ಟ. ಹೊಡೆದವನು ನಾನು, ಹಕ್ಕಿ ನನ್ನದು ಎಂದ ದೇವದತ್ತ. ತೀರ್ಪು ಸಿದ್ಧಾರ್ಥನ ಪರವಾಯಿತು: ಕೊಲ್ಲಲು ಹೋದವನಿಗಲ್ಲ, ಉಳಿಸಿದವನಿಗೆ ಸೇರಿದ್ದು.

ಈ ತೀರ್ಪನ್ನು ನಾವು ಹಕ್ಕಿನ ಮಾತಾಗಿ ಓದುತ್ತೇವೆ. ಹೊಣೆಯ ಮಾತಾಗಿಯೂ ಓದಬೇಕು. ಉಳಿಸಿದವನಿಗೆ ಸೇರಿದ್ದು ಎಂದರೆ ಅದರ ಮುಂದಿನ ಬಾಳೂ ಅವನ ಪಾಲಿಗೆ ಬಂತು ಎಂದರ್ಥ. ಗಟಾರದಿಂದ ಎತ್ತಿದ ಮರಿಯನ್ನು ಕೇಳಿದ ಮೊದಲನೆಯವರ ಕೈಗಿಟ್ಟು ಕೈ ತೊಳೆದುಕೊಂಡರೆ ಆ ಹೊಣೆ ತೀರಲಿಲ್ಲ.

ಅದೇ ಗ್ರಂಥದಲ್ಲಿ ಬಾಬಾಸಾಹೇಬರು ಕರುಣೆಗಿಂತ ಮೈತ್ರಿ ದೊಡ್ಡದು ಎನ್ನುತ್ತಾರೆ. ಕರುಣೆ ಮನುಷ್ಯರ ಮೇಲಿನ ಪ್ರೀತಿ. ಮೈತ್ರಿ ಅದನ್ನು ದಾಟಿ ಜೀವವಿರುವ ಎಲ್ಲದರವರೆಗೆ ಚಾಚುತ್ತದೆ.

ಇದು ಪುಸ್ತಕದಲ್ಲಿ ಮಾತ್ರ ಉಳಿದ ಮಾತಲ್ಲ. ಸಾಮ್ರಾಟ ಅಶೋಕ ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದ್ದನ್ನು ತನ್ನ ಎರಡನೆಯ ಬಂಡೆಶಾಸನದಲ್ಲಿ ಹೇಳಿದ್ದಾನೆ. ಗಬ್ಬದ ಅಥವಾ ಹಾಲೂಡುವ ಆಡು, ಕುರಿ, ಹಂದಿಗಳನ್ನೂ ಆರು ತಿಂಗಳೊಳಗಿನ ಮರಿಗಳನ್ನೂ ಕೊಲ್ಲಬಾರದೆಂದು ಐದನೆಯ ಸ್ತಂಭಶಾಸನದಲ್ಲಿ ವಿಧಿಸಿದ್ದಾನೆ. ನಮ್ಮದೇ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಬಂಡೆಯ ಮೇಲೆ ತಂದೆತಾಯಿಯ ಸೇವೆ, ಸತ್ಯದ ನುಡಿ, ಜೀವಿಗಳ ಮೇಲಿನ ದಯೆ ಮೂರನ್ನೂ ಒಟ್ಟಿಗೆ ಕೊರೆಸಿದ್ದಾನೆ.

*4. ಕಪ್ಪು ಮರಿ*

ನಮ್ಮ ಓಣಿಯ ಒಂದು ಸಂಗತಿ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳಿಗೆ ಮಳೆಯಲ್ಲಿ ಮೂರು ಮರಿಗಳು ಸಿಕ್ಕವು. ತಾಯಿ ಮಗಳು ರಟ್ಟಿನ ಡಬ್ಬಿಯಲ್ಲಿ ಹಳೆಯ ಸೀರೆ ಹಾಸಿ ಇಟ್ಟರು. ಮರಿಗಳು ಚೇತರಿಸಿಕೊಂಡ ಮೇಲೆ ಕೇಳುವವರು ಬಂದರು. ಮೊದಲು ಬಂದವರು ಗೋದಾಮಿನಲ್ಲಿ ಇಲಿ ಹಿಡಿಯಲು ಬೇಕು, ಕಟ್ಟಿಹಾಕುತ್ತೇವೆ ಎಂದರು. ಹುಡುಗಿ ಕೊಡಲಿಲ್ಲ. ಆಮೇಲೆ ಒಬ್ಬ ನಿವೃತ್ತ ನೌಕರರು ಬಿಳಿಯ ಮರಿಯನ್ನು ಕೇಳಿದರು. ಅವಳು ತಾಯಿಯೊಂದಿಗೆ ಅವರ ಮನೆಗೆ ಹೋಗಿ ನೋಡಿ ಬಂದು ಕೊಟ್ಟಳು. ಕಂದು ಪಟ್ಟೆಯ ಮರಿಗೂ ಮನೆ ಸಿಕ್ಕಿತು. ಕಪ್ಪು ಮರಿಯನ್ನು ಮಾತ್ರ ಯಾರೂ ಒಯ್ಯಲಿಲ್ಲ. "ಕರಿ ಬೆಕ್ಕು, ಅಡ್ಡ ಬಂದರೆ ಕೆಲಸ ಕೆಡ್ತದ" ಎಂದು ನಮ್ಮವರೇ ಒಬ್ಬರು ಹೇಳಿದರು.

ಬಂಧುಗಳೇ, ಈ ಮಾತಿನ ಮುಂದೆ ಸ್ವಲ್ಪ ನಿಲ್ಲೋಣ. ಪೇಶ್ವೆಗಳ ಪುಣೆಯಲ್ಲಿ ನಮ್ಮ ಹಿರಿಯರ ಹೆಜ್ಜೆಯ ಗುರುತೇ ಮೈಲಿಗೆಯಾಗಿತ್ತು, ಅದನ್ನು ಅಳಿಸಲು ಸೊಂಟಕ್ಕೆ ಪೊರಕೆ ಕಟ್ಟಿಕೊಳ್ಳಬೇಕಿತ್ತು. ಎದುರಿಗೆ ಬಂದರೆ ಕೆಡುಕು ಎನ್ನಿಸಿಕೊಂಡವರ ಮಕ್ಕಳು ನಾವು. ಹುಟ್ಟಿನಿಂದ ಬಂದ ಬಣ್ಣವನ್ನು ನೋಡಿ ಒಂದು ಜೀವವನ್ನು ಅಪಶಕುನ ಎನ್ನುವ ಮಾತು ನಮ್ಮ ಬಾಯಲ್ಲಿ ಬರಬಾರದು. ಮೂಢನಂಬಿಕೆ ಬಿಟ್ಟೆವು ಎಂದು ಹೇಳುವುದು ಸುಲಭ. ಬಿಟ್ಟದ್ದು ನಿಜವೇ ಎಂದು ತೋರಿಸುವುದು ಇಂಥ ಸಣ್ಣ ಸಂಗತಿಗಳು.

*5. ಉಳಿಸುವ ಬಗೆ*

ಪ್ರಜ್ಞೆಯಿಲ್ಲದ ದಯೆ ಜೀವಕ್ಕೇ ಮುಳುವಾಗಬಹುದು. ಆದ್ದರಿಂದ ಕೆಲವು ಮಾತು ತಿಳಿದಿರಲಿ.

🔹 ಮರಿ ಒಂಟಿಯಾಗಿ ಕಂಡ ತಕ್ಷಣ ಎತ್ತಬೇಡಿ. ತಾಯಿ ಆಹಾರಕ್ಕೆ ಹೋಗಿರಬಹುದು. ಅಪಾಯದ ಜಾಗವಲ್ಲದಿದ್ದರೆ ದೂರ ನಿಂತು ಕೆಲವು ಗಂಟೆ ಕಾಯಿರಿ.

🔹 ತಾಯಿ ಬಾರದಿದ್ದರೆ ಮೊದಲು ಮೈ ಒಣಗಿಸಿ ಬೆಚ್ಚಗಿಡಿ. ತಣ್ಣಗಾದ ಮರಿಗೆ ಏನನ್ನೂ ಕುಡಿಸಬೇಡಿ. ಆಕಳ ಹಾಲು ಭೇದಿ ತರುತ್ತದೆ. ಬೆಕ್ಕಿನ ಮರಿಗೆಂದೇ ಸಿಗುವ ಹಾಲಿನ ಪುಡಿಯನ್ನು ಪಶುವೈದ್ಯರನ್ನು ಕೇಳಿ ತನ್ನಿ.

🔹 ಮನುಷ್ಯರ ಜ್ವರದ ಗುಳಿಗೆ ಕೊಡಲೇಬೇಡಿ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ.

🔹 ಎಂಟು ವಾರ ತುಂಬುವ ಮೊದಲು ತಾಯಿಯಿಂದ ಬೇರೆ ಮಾಡಬೇಡಿ. ಜಂತಿನ ಔಷಧ, ಲಸಿಕೆ, ಮೂರು ತಿಂಗಳಿಗೆ ರೇಬಿಸ್ ಲಸಿಕೆ ಹಾಕಿಸಿ.

🔹 ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಗಬ್ಬವಾಗಬಹುದು. ಎರಡು ತಿಂಗಳಲ್ಲಿ ಮರಿ ಹಾಕುತ್ತದೆ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸದಿದ್ದರೆ ಮುಂದಿನ ಮಳೆಗಾಲದಲ್ಲಿ ಅದೇ ಗಟಾರ, ಅದೇ ಕೂಗು.

🔹 ಮಕ್ಕಳಿಗೆ ಪರಚಿದರೆ, ಕಚ್ಚಿದರೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಕರೆದೊಯ್ಯಿರಿ.

*6. ಒಳ್ಳೆಯ ಮನೆ ಯಾವುದು?*

ದೊಡ್ಡ ಮನೆ ಎಂದೇನಿಲ್ಲ. ಎರಡೇ ಖೋಲಿಯ ಬಾಡಿಗೆ ಮನೆಯಲ್ಲೂ ಬೆಕ್ಕು ಸುಖವಾಗಿರುತ್ತದೆ. ಕೊಡುವ ಮೊದಲು ಇಷ್ಟು ಕೇಳಿ: ಮನೆಮಂದಿಯೆಲ್ಲ ಒಪ್ಪಿದ್ದಾರೆಯೇ? ಬಾಡಿಗೆಯಾದರೆ ಮಾಲೀಕರಿಗೆ ಗೊತ್ತಿದೆಯೇ? ಮೇಲಂತಸ್ತಾದರೆ ಕಿಟಕಿಗೆ ಜಾಳಿಗೆ ಇದೆಯೇ? ಊರಿಗೆ ಹೋದಾಗ ನೋಡಿಕೊಳ್ಳುವವರು ಯಾರು? ಶಸ್ತ್ರಚಿಕಿತ್ಸೆ ಮಾಡಿಸುತ್ತೀರಾ? ಮೀನು ಮಾಂಸ ಹಾಕುತ್ತೀರಾ? ಬೆಕ್ಕು ಮಾಂಸಾಹಾರಿ ಪ್ರಾಣಿ. ಬರೀ ಹಾಲು ಅನ್ನದ ಮೇಲಿಟ್ಟರೆ ಕಾಲಾಂತರದಲ್ಲಿ ಕಣ್ಣು, ಹೃದಯ ಕೆಡುತ್ತವೆ. ನಮ್ಮ ಅಡುಗೆಮನೆಯಲ್ಲಿ ಅದಕ್ಕೇನೂ ಅಡ್ಡಿಯಿಲ್ಲ. ಉಪ್ಪು ಖಾರವಿಲ್ಲದೆ ಬೇಯಿಸಿ, ಮುಳ್ಳು ಎಲುಬು ತೆಗೆದು ಹಾಕಿದರಾಯಿತು.

ಕೊಟ್ಟ ಮೇಲೆ ವಾರಕ್ಕೊಮ್ಮೆ ವಿಚಾರಿಸಿ. ಅವರಿಗೆ ಆಗದಿದ್ದರೆ ಬೀದಿಗೆ ಬಿಡದೆ ನಮಗೇ ಮರಳಿಸಿ ಎಂದು ಮೊದಲೇ ಹೇಳಿ. ಹಸಿವು ನೀರಡಿಕೆಯಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟುಬರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಜೀವಿಗಳ ಮೇಲೆ ಅನುಕಂಪ ನಾಗರಿಕರ ಮೂಲಭೂತ ಕರ್ತವ್ಯ ಎಂಬುದು 1976ರ ತಿದ್ದುಪಡಿಯಿಂದ ನಮ್ಮ ಸಂವಿಧಾನದ 51ಎ ವಿಧಿಯಲ್ಲೂ ಸೇರಿದೆ.

ಇಷ್ಟೆಲ್ಲ ವಿಚಾರಣೆ ಅತಿಯಾಯಿತು ಎನ್ನಬೇಡಿ. ಬಾಗಿಲು ಮುಚ್ಚಿಸಿಕೊಂಡ ನೆನಪು ನಮ್ಮ ಸಮಾಜಕ್ಕಿದೆ. ಇನ್ನೊಂದು ಜೀವಕ್ಕೆ ಬಾಗಿಲು ಹುಡುಕುವಾಗ ಅದು ಮತ್ತೆ ಮುಚ್ಚದ ಬಾಗಿಲೇ ಆಗಿರಲಿ ಎಂಬ ಎಚ್ಚರ ನಮಗಲ್ಲದೆ ಇನ್ಯಾರಿಗೆ ಬರಬೇಕು?

*ಇಂದಿನ ಅಭ್ಯಾಸ:* ಸಂಜೆ ಐದು ನಿಮಿಷ ಮೈತ್ರಿಭಾವನೆ ಮಾಡಿ. ಎಲ್ಲ ಜೀವಿಗಳು ಸುಖವಾಗಿರಲಿ ಎನ್ನುವಾಗ ನಿಮ್ಮ ಓಣಿಯ ಒಂದು ಜೀವವನ್ನು ಕಣ್ಣ ಮುಂದೆ ತಂದುಕೊಳ್ಳಿ. ಎದ್ದ ಮೇಲೆ ಅದಕ್ಕೊಂದು ಬಟ್ಟಲು ನೀರಿಡಿ.

ಕಪ್ಪು ಮರಿಗೆ ಈಗ ಮೂರು ತಿಂಗಳು. ಲಸಿಕೆ ಆಗಿದೆ. ಚೆನ್ನಾಗಿ ತಿನ್ನುತ್ತದೆ, ಮಕ್ಕಳೊಂದಿಗೆ ಆಡುತ್ತದೆ. ಹುಡುಗಿಯ ಮನೆಯಲ್ಲಿ ಇನ್ನೂ ಕಾಯುತ್ತಿದೆ. ಮೇಲಿನ ಪ್ರಶ್ನೆಗಳಿಗೆಲ್ಲ ಹೌದು ಎನ್ನುವ ಮನೆ ನಿಮ್ಮದಾದರೆ ಬಳಗದಲ್ಲಿ ತಿಳಿಸಿ.

ಭವತು ಸಬ್ಬ ಮಂಗಲಂ.
ಸಾಧು, ಸಾಧು, ಸಾಧು 🙏

ಅಧ್ಯಯನ ಬಳಗದ ಪರವಾಗಿ
ಶಹಾಪುರ, ಬೆಳಗಾವಿ