ಮಾತಿಗೆ ತಪ್ಪದ ಲೋಕ

"ಒಮ್ಮೆ ಮನೆಗೆ ಬನ್ನಿ" ಎನ್ನುತ್ತೇವೆ; ನಿಜಕ್ಕೂ ಬಂದರೆ ಕಸಿವಿಸಿ. ಪಂಕ್ತಿಯಲ್ಲಿ "ಸಾಕು, ಸಾಕು" ಎಂದವರ ಎಲೆಗೆ ಇನ್ನೊಂದು ಹೋಳಿಗೆ ಬೀಳದಿದ್ದರೆ ಅದು ಉಪಚಾರವೇ ಅಲ್ಲ. ಯಾರೂ ಬಾಯಿಬಿಟ್ಟು ಹೇಳದ ಇಂಥ ನಿಯಮಗಳು ಆಟಿಸಂ ಇರುವ ಅನೇಕ ಮಕ್ಕಳಿಗೆ ದಿನನಿತ್ಯದ ಒಗಟು.

ಅಂಥವರಲ್ಲಿ ಹಲವರು ಮೈನ್‌ಕ್ರಾಫ್ಟ್ ಎಂಬ ಕಂಪ್ಯೂಟರ್ ಆಟವನ್ನು ಹಚ್ಚಿಕೊಂಡದ್ದು ನನಗೆ ಸೋಜಿಗವೆನಿಸುವುದಿಲ್ಲ. 2011ರಲ್ಲಿ ಸ್ವೀಡನ್ನಿನಿಂದ ಪೂರ್ಣರೂಪದಲ್ಲಿ ಹೊರಬಂದ ಈ ಆಟದಲ್ಲಿ ಮಣ್ಣು, ಕಲ್ಲು, ಮರ ಎಲ್ಲವೂ ಚೌಕದ ತುಂಡುಗಳು. ಒಂದರ ಮೇಲೊಂದಿಟ್ಟು ಮನೆ ಕಟ್ಟಬಹುದು, ಊರನ್ನೇ ಕಟ್ಟಬಹುದು. 20 ನಿಮಿಷಕ್ಕೆ ಒಂದು ಹಗಲು, ಒಂದು ರಾತ್ರಿ. ಆಧಾರ ತಪ್ಪಿದರೆ ಮರಳು ಬೀಳುತ್ತದೆ, ಕಲ್ಲು ಬೀಳುವುದಿಲ್ಲ. ಇಂದೂ ಹಾಗೆ, ನಾಳೆಯೂ ಹಾಗೆ.

ಇದು ಬದುಕಿಗೆ ಬೆನ್ನು ತಿರುಗಿಸಿದಂತಲ್ಲವೇ ಎಂದು ಹಿರಿಯರು ಕೇಳುತ್ತಾರೆ. ಇತರರ ಜೊತೆ ಆಡಲು ಹೋದ ಈ ಮಕ್ಕಳನ್ನು ಅಲ್ಲಿಯೂ ಕೆಲವರು ಗೇಲಿ ಮಾಡಿ, ಕಟ್ಟಿದ್ದನ್ನು ಕೆಡವಿ ಕಾಡುತ್ತಿದ್ದರು. ಅದಕ್ಕೇ ಕೆನಡಾದ ಸ್ಟುವರ್ಟ್ ಡಂಕನ್ 2013ರಲ್ಲಿ ಇವರಿಗೂ ಇವರ ಮನೆಯವರಿಗೂ ಎಂದೇ ಆಟ್‌ಕ್ರಾಫ್ಟ್ ಎಂಬ ಪ್ರತ್ಯೇಕ ಆಟದಂಗಳ ತೆರೆದರು. ಅನುಮತಿ ಪಡೆದವರಿಗಷ್ಟೇ ಪ್ರವೇಶ. ಅವರ ಮಗನಿಗೆ ಆಟಿಸಂ ಇದೆ, ಅವರಿಗೂ ಇದೆ. ಮಕ್ಕಳು ಅಲ್ಲಿ ಜೊತೆಗೂಡಿ ಆಡಿದರು.

ಜನರೇ ಬೇಡವಾಗಿದ್ದರೆ ಅವರು ಒಬ್ಬೊಬ್ಬರೇ ಆಡುತ್ತಿದ್ದರಲ್ಲವೇ? ಅವರಿಗೆ ಬೇಕಾದದ್ದು ನಂಬಬಹುದಾದ ಜನ. ಹಾಗಿರುವಾಗ ಮಗು ಬದಲಾಗಲಿ ಎಂದು ಹಂಬಲಿಸುವ ಮೊದಲು, ನಾಲ್ಕಕ್ಕೆ ಹೊರಡೋಣ ಎಂದವರು ನಾಲ್ಕಕ್ಕೇ ಹೊರಡುವುದನ್ನು ಕಲಿಯುವುದು ನ್ಯಾಯ ಎನಿಸುತ್ತದೆ ನನಗೆ.