ಹಳೆಯ ಕಾರು, ಹೊಸ ಸಿಲಿಂಡರ್

ಹಳೆಯ ವಸ್ತುವಿಗೆ ಹೊಸ ಭಾಗ ಜೋಡಿಸಿದರೆ ಅದು ಹಳೆಯ ವಸ್ತುವಾಗಿಯೇ ಉಳಿಯುತ್ತದೆಯೇ? ಇದು ಬಹಳ ಹಿಂದಿನ ಪ್ರಶ್ನೆ. ಅಥೆನ್ಸಿನ ಜನ ಥೀಸಿಯಸನ ಹಡಗಿನ ಕೊಳೆತ ಹಲಗೆಗಳನ್ನು ಒಂದೊಂದಾಗಿ ಬದಲಿಸುತ್ತ ಬಂದರೆಂದೂ, ಅದು ಅದೇ ಹಡಗು ಹೌದೋ ಅಲ್ಲವೋ ಎಂದು ತತ್ವಜ್ಞಾನಿಗಳು ವಾದಿಸಿದರೆಂದೂ ಪ್ಲುಟಾರ್ಕ್ ಬರೆದಿದ್ದಾನೆ. ಇಂಗ್ಲೆಂಡಿನ ಹಳೆಯ ಸ್ಪೋರ್ಟ್ಸ್ ಕಾರುಗಳನ್ನು ಜೋಪಾನ ಮಾಡುವವರಿಗೆ ಇದು ಗ್ರಂಥದ ಪ್ರಶ್ನೆಯಲ್ಲ, ಗ್ಯಾರೇಜಿನ ಪ್ರಶ್ನೆ.

ಎಂಜಿಬಿ ಎಂಬ ಕಾರನ್ನೇ ತೆಗೆದುಕೊಳ್ಳಿ. 1962ರಿಂದ 1980ರವರೆಗೆ ಆಬಿಂಗ್ಡನ್ ಎಂಬ ಊರಿನಲ್ಲಿ ಇಂಥ 5 ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾದವು. ಇದರ ಕ್ಲಚ್ ಕೆಲಸ ಮಾಡುವುದು ದ್ರವದ ಬಲದಿಂದ. ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ದ್ರವವನ್ನು ತಳ್ಳುತ್ತದೆ. ಆ ದ್ರವ ಸಣ್ಣ ಕೊಳವೆಯಲ್ಲಿ ಸಾಗಿ ಗೇರ್‌ಬಾಕ್ಸಿನ ಬಳಿಯಿರುವ ಸ್ಲೇವ್ ಸಿಲಿಂಡರನ್ನು ಮುಟ್ಟಿ ಕ್ಲಚ್ಚನ್ನು ಬಿಡಿಸುತ್ತದೆ. ಹದಿನೇಳನೆಯ ಶತಮಾನದಲ್ಲಿ ಪಾಸ್ಕಲ್ ಹೇಳಿದ ನಿಯಮವೇ ಇಲ್ಲಿಯೂ ನಡೆಯುವುದು. ಆದರೆ ಈ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ವರ್ಷಗಳು ಕಳೆದಂತೆ ಸಿಲಿಂಡರಿನ ಒಳಗೋಡೆ ತುಕ್ಕು ಹಿಡಿಯುತ್ತದೆ, ರಬ್ಬರ್ ಸೀಲುಗಳು ಸವೆಯುತ್ತವೆ, ದ್ರವ ಸೋರುತ್ತದೆ. ಕೊನೆಗೊಂದು ದಿನ ಪೆಡಲ್ ನೆಲಕ್ಕೆ ಕುಸಿಯುತ್ತದೆ, ಗೇರ್ ಬೀಳುವುದಿಲ್ಲ. ಇಂಥ ಹಳೆಯ ಕಾರುಗಳಿಗೆ ಮೂಲ ಭಾಗ ಸಿಗದೇ ಹೋದಾಗ, ಮುಂದಿನ ವರ್ಷಗಳ ಮಾದರಿಯ ಸಿಲಿಂಡರನ್ನು ಕೂರಿಸುವ ಯೋಚನೆ ಬರುತ್ತದೆ.

ಹೊಸದು ಎಂದಮಾತ್ರಕ್ಕೆ ಒಳ್ಳೆಯದು ಎನ್ನುವಂತಿಲ್ಲ. 0.70 ಇಂಚು ವ್ಯಾಸದ ಪಿಸ್ಟನ್ ಇದ್ದ ಜಾಗಕ್ಕೆ 0.75 ಇಂಚಿನದು ಬಂತು ಎನ್ನಿ. ವ್ಯತ್ಯಾಸ ಒಂದೂಕಾಲು ಮಿಲಿಮೀಟರಿನಷ್ಟು. ಆದರೆ ವಿಸ್ತೀರ್ಣದ ಲೆಕ್ಕದಲ್ಲಿ ಅದು ಸುಮಾರು ಶೇಕಡಾ 15 ಹೆಚ್ಚು. ಪೆಡಲ್ ಅಷ್ಟೇ ಇಳಿದರೂ ದ್ರವ ಶೇಕಡಾ 15 ಹೆಚ್ಚು ತಳ್ಳಲ್ಪಡುತ್ತದೆ, ಕಾಲಿಗೆ ಬೀಳುವ ಭಾರವೂ ಅಷ್ಟೇ ಹೆಚ್ಚುತ್ತದೆ. ಕ್ಲಚ್ಚಿನ ಸ್ಪ್ರಿಂಗ್ ತನಗೆ ವಿಧಿಸಿದ ಮಿತಿಗಿಂತ ಆಚೆ ಒತ್ತಲ್ಪಡಬಹುದು. ಆದ್ದರಿಂದ ಬಲ್ಲ ಮೆಕ್ಯಾನಿಕ್ ಮೊದಲು ಅಳತೆಪಟ್ಟಿ ಹಿಡಿಯುತ್ತಾನೆ. ಬೋಲ್ಟಿನ ರಂಧ್ರ, ತಳ್ಳುಕಡ್ಡಿಯ ಉದ್ದ, ಕೊಳವೆಯ ಮರೆ ಎಲ್ಲವನ್ನೂ ಹೋಲಿಸಿ ನೋಡುತ್ತಾನೆ. ಹೆಸರಿನಲ್ಲಿ ಒಂದು ಮಾಸ್ಟರ್, ಇನ್ನೊಂದು ಸ್ಲೇವ್. ಆದರೂ ಇಲ್ಲಿ ಒಡೆಯನ ಬಲವನ್ನು ನಿರ್ಧರಿಸಬೇಕಾದದ್ದು ಆಳಿನ ತಾಳಿಕೆ. ಹೊಸಬನು ಹಳೆಯ ಮನೆಯ ಅಳತೆಗೆ ಹೊಂದಿಕೊಳ್ಳಬೇಕೇ ಹೊರತು ಮನೆಯನ್ನು ತನ್ನ ಅಳತೆಗೆ ಎಳೆಯಬಾರದು.

ಸರಿ, ಅಳತೆ ಹೊಂದಿತು, ಕಾರು ಓಡಿತು. ಅದು ಈಗಲೂ ಅದೇ ಕಾರೇ? ಇಂಥದೇ ಪ್ರಶ್ನೆ 1990ರಲ್ಲಿ ಲಂಡನ್ನಿನ ಹೈಕೋರ್ಟಿನ ಮೆಟ್ಟಿಲು ಹತ್ತಿತ್ತು. 1929 ಮತ್ತು 1930ರ ಲೆ ಮಾನ್ ಓಟಗಳನ್ನು ಗೆದ್ದ ‘ಓಲ್ಡ್ ನಂಬರ್ ಒನ್’ ಎಂಬ ಬೆಂಟ್ಲಿ ಕಾರನ್ನು 1 ಕೋಟಿ ಪೌಂಡಿಗೆ ಕೊಳ್ಳಲು ಒಪ್ಪಿದವರು, ಅದರಲ್ಲಿ ಮೂಲ ಭಾಗಗಳು ಬಹಳ ಕಡಿಮೆ ಉಳಿದಿವೆ ಎಂದು ಹಿಂದೆ ಸರಿದಿದ್ದರು. ನ್ಯಾಯಮೂರ್ತಿ ಆಟನ್ ಮಾರಾಟಗಾರನ ಪರವಾಗಿ ತೀರ್ಪು ಕೊಟ್ಟರು. ಓಟ ಗೆದ್ದ ದಿನದ ‘ಮೂಲ’ ಕಾರು ಎಂದು ಅದನ್ನು ಕರೆಯಲಾಗದು. ಆದರೆ ಅದು ಒಮ್ಮೆಲೇ ಬೇರೊಂದಾಗಿಲ್ಲ, ಬಾಳಿನುದ್ದಕ್ಕೂ ಬದಲಾಗುತ್ತ ಬಂದಿದೆ. ಆ ಹೆಸರಿಗೆ ಹಕ್ಕು ಹೇಳಬಲ್ಲ ಬೇರೆ ಕಾರೂ ಇಲ್ಲ. ಹಾಗಾಗಿ ನಿಜವಾದ ಓಲ್ಡ್ ನಂಬರ್ ಒನ್ ಅದೇ ಎಂಬುದು ತೀರ್ಪಿನ ಸಾರ.

ನಾವು ಸಾಮಾನ್ಯವಾಗಿ ಅಸಲಿ, ನಕಲಿ ಎಂಬ ಎರಡೇ ಪೆಟ್ಟಿಗೆಗಳಲ್ಲಿ ಜಗತ್ತನ್ನು ತುಂಬುತ್ತೇವೆ. ಈ ತೀರ್ಪು ಮೂರನೆಯದೊಂದನ್ನು ತೋರಿಸುತ್ತದೆ: ಬಾಳಿ ಬದಲಾದದ್ದು. ದುರಸ್ತಿ ವಂಚನೆಯಲ್ಲ. ದುರಸ್ತಿಯನ್ನು ಮರೆಮಾಚುವುದು ವಂಚನೆ. ಹೊಸ ಸಿಲಿಂಡರಿಗೆ ಹಳೆಯ ಬಣ್ಣ ಬಳಿದು, ಎಲ್ಲವೂ ಕಾರ್ಖಾನೆಯಿಂದ ಬಂದಂತೆಯೇ ಇದೆ ಎಂದು ಮಾರಿದರೆ ಅದರಿಂದಾಗುವ ಕೇಡು ಹೆಚ್ಚಿನ ಬೆಲೆ ಕೊಟ್ಟದ್ದಕ್ಕೆ ಮುಗಿಯುವುದಿಲ್ಲ. ಮುಂದೊಂದು ದಿನ ಕೊಂಡವನು ಹಳೆಯ ಕೈಪಿಡಿಯನ್ನು ನಂಬಿ 0.70 ಇಂಚಿನ ಸೀಲುಗಳನ್ನು ತರಿಸಿ 0.75 ಇಂಚಿನ ಸಿಲಿಂಡರಿನೊಳಗೆ ಹಾಕುತ್ತಾನೆ. ಅವು ದ್ರವವನ್ನು ತಡೆಯಲಾರವು. ಮಾರಿದವನ ಮೌನ ಸಂತೆಯ ನಡುವೆಯೋ ಇಳಿಜಾರಿನಲ್ಲೋ ಪೆಡಲಾಗಿ ಕುಸಿಯುತ್ತದೆ.

ಇದಕ್ಕೆ ಪರಿಹಾರ ದುಬಾರಿಯದಲ್ಲ. ಯಾವ ಭಾಗ, ಯಾವ ಅಳತೆ, ಯಾವಾಗ ಹಾಕಿದ್ದು ಎಂದು ಬರೆದ ಒಂದು ಚೀಟಿ ಕಾರಿನ ಕಾಗದಪತ್ರಗಳ ಜೊತೆಗಿದ್ದರೆ ಸಾಕು. ಹಳೆಯ ವಸ್ತು ನಮ್ಮ ಕೈಯಲ್ಲಿರುವುದು ಅಮಾನತ್ತಾಗಿ. ನಮಗಿಂತ ಮೊದಲು ಅದನ್ನು ಬೇರೊಬ್ಬರು ಕಾಪಾಡಿದರು, ನಮ್ಮ ನಂತರ ಮತ್ತೊಬ್ಬರು ಕಾಪಾಡಬೇಕು. ಅವರಿಗೆ ನಾವು ಮೂಲ ಸಿಲಿಂಡರನ್ನು ಕೊಡಲಾರದೆ ಹೋಗಬಹುದು, ಸರಿಯಾದ ಅಳತೆಯನ್ನಾದರೂ ಕೊಡಬಲ್ಲೆವು.