ಆಗಮವೂ ಆದೇಶವೂ

ಹಳೆಯದೂ ಹೊಸದೂ ಕೂಡಿ ಬಾಳಬೇಕಾದಾಗ ಯಾವುದು ಯಾವುದಕ್ಕೆ ಬಗ್ಗಬೇಕು? ಮನೆಯಲ್ಲಿ ಹಿರಿಯರಿಗೂ ಕಿರಿಯರಿಗೂ ನಡುವೆ, ಸಮಾಜದಲ್ಲಿ ಆಚಾರಕ್ಕೂ ವಿಚಾರಕ್ಕೂ ನಡುವೆ, ದಿನವೂ ಏಳುವ ಪ್ರಶ್ನೆ ಇದು. ಹಳೆಯದೇ ಬಗ್ಗಬೇಕೆಂದು ಕಿರಿಯರು, ಹೊಸದೇ ಬಗ್ಗಬೇಕೆಂದು ಹಿರಿಯರು ವಾದಿಸುವುದು ವಾಡಿಕೆ. ಎರಡೂ ತಮ್ಮ ರೂಪವನ್ನು ಕಳೆದುಕೊಳ್ಳದೆ ಕೂಡಿರುವ ಮತ್ತೊಂದು ಬಗೆಯುಂಟೆಂಬುದನ್ನು ಈಚೆಗೆ ಒಂದು ಲೋಹದ ಬಳೆಯಿಂದ ತಿಳಿದುಕೊಂಡೆನು. ಆ ವಿಚಾರವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ದಿವಂಗತರಾದ ನಮ್ಮ ಅಣ್ಣನವರಿಗೆ ಛಾಯಾಗ್ರಹಣದಲ್ಲಿ ಬಹಳ ಆಸಕ್ತಿಯಿತ್ತು. ಅವರ ಕ್ಯಾಮರಾ ಹಾಳಾಗಿ ಎಷ್ಟೋ ವರ್ಷಗಳಾದುವು. ಅದರ ಮಸೂರವು ಮಾತ್ರ ಬಟ್ಟೆಯಲ್ಲಿ ಸುತ್ತಿದಂತೆಯೇ ಪೆಟ್ಟಿಗೆಯಲ್ಲಿ ಉಳಿದಿತ್ತು. ಅದು ಮಾಸ್ಕೋ ನಗರದ ಸಮೀಪದಲ್ಲಿರುವ ಕ್ರಾಸ್ನೊಗೋರ್ಸ್ಕ್ ಕಾರ್ಖಾನೆಯ ‘ಹೀಲಿಯಸ್ 44’. ಜರ್ಮನಿಯ ಯೇನಾ ಪಟ್ಟಣದ ಕಾರ್ಲ್ ಸೈಸ್ ಸಂಸ್ಥೆಯವರ ‘ಬಯೋಟಾರ್’ ಎಂಬ ಮಸೂರದ ರಚನೆಯನ್ನು ಅನುಸರಿಸಿ ಮಾಡಿದ್ದು. ಕಳೆದ ತಿಂಗಳು ಅಣ್ಣನವರ ಮೊಮ್ಮಗನು ಅದನ್ನು ತನ್ನ ಹೊಸ ಸೋನಿ ಕ್ಯಾಮರಾಕ್ಕೆ ಜೋಡಿಸಿಕೊಂಡು ಬಂದನು. ಎರಡರ ನಡುವೆ ಕಪ್ಪು ಬಣ್ಣದ ಬಳೆಯೊಂದಿತ್ತು; ಅಡಾಪ್ಟರ್ ಎಂದು ಅದರ ಹೆಸರಂತೆ. ಬಿಚ್ಚಿ ನನ್ನ ಕೈಗೆ ಕೊಟ್ಟನು. ಕಣ್ಣಿಗೆ ಹಿಡಿದು ನೋಡಿದರೆ ಎದುರಿನ ಗೋಡೆ ಇದ್ದ ಹಾಗೆಯೇ ಕಂಡಿತು.

“ಇದರೊಳಗೆ ಗಾಜೇ ಇಲ್ಲವಲ್ಲಪ್ಪ!” ಎಂದೆನು.

“ಏನೂ ಇಲ್ಲ, ಚಿಕ್ಕತಾತ. ದೂರವನ್ನು ಕಾಯುವುದೊಂದೇ ಇದರ ಕೆಲಸ” ಎಂದನು.

ಈ ದೂರದ ವಿಷಯವನ್ನು ಸ್ವಲ್ಪ ವಿವರಿಸಬೇಕು. ಮಸೂರವು ಕ್ಯಾಮರಾದ ಮೇಲೆ ಕೂರುವ ಅಂಚಿಗೂ, ಒಳಗೆ ಚಿತ್ರ ಬೀಳುವ ಫಿಲ್ಮಿಗೂ ನಡುವೆ ಇಷ್ಟೇ ಅಂತರವಿರಬೇಕೆಂದು ಪ್ರತಿಯೊಂದು ಪದ್ಧತಿಗೂ ಒಂದು ನಿಯಮವುಂಟು. ನಮ್ಮ ಅಣ್ಣನವರ ಮಸೂರವು 42 ಮಿಲಿಮೀಟರ್ ವ್ಯಾಸದ ತಿರುಪಿನದು, ಅದಕ್ಕೆ 45.46 ಮಿಲಿಮೀಟರ್ ಅಂತರ ಬೇಕು. ಹಿಂದಿನ ಕ್ಯಾಮರಾಗಳಲ್ಲಿ ಮಸೂರಕ್ಕೂ ಫಿಲ್ಮಿಗೂ ಮಧ್ಯೆ ಓರೆಯಾಗಿ ಒಂದು ಕನ್ನಡಿ ನಿಂತಿರುತ್ತಿದ್ದುದರಿಂದ ಅಷ್ಟು ಅವಕಾಶ ಅನಿವಾರ್ಯವಾಗಿತ್ತು. ಈಗಿನ ‘ಮಿರರ್‌ಲೆಸ್’, ಎಂದರೆ ಕನ್ನಡಿಯಿಲ್ಲದ, ಕ್ಯಾಮರಾದಲ್ಲಿ ಆ ಕನ್ನಡಿಯನ್ನು ತೆಗೆದುಬಿಟ್ಟಿದ್ದಾರೆ. ಸೋನಿಯ ಈ ಬಗೆಯ ಕ್ಯಾಮರಾದಲ್ಲಿ ಅಂತರವು 18 ಮಿಲಿಮೀಟರ್ ಮಾತ್ರ. ಉಳಿದ 27.46 ಮಿಲಿಮೀಟರನ್ನು ಬಳೆಯು ತುಂಬಿಕೊಡುತ್ತದೆ. ತುಂಬಿಕೊಡುವುದು ಯಾವುದರಿಂದ? ಬರಿಯ ಬಯಲಿನಿಂದ. ಆದರೆ ಆ ಬಯಲಿನ ಅಳತೆ ತಪ್ಪಬಾರದು. ಬಳೆಯು ಕೂದಲೆಳೆಯಷ್ಟು ದಪ್ಪವಾದರೂ ಹತ್ತಿರದ ಹೂವು ಸ್ಫುಟವಾಗಿ ಕಂಡೀತು, ದೂರದ ಬೆಟ್ಟ ಮಾತ್ರ ಎಷ್ಟು ತಿರುಗಿಸಿದರೂ ಮಬ್ಬಾಗಿಯೇ ಉಳಿಯುವುದು. ಛಾಯಾಗ್ರಾಹಕರು ಇದನ್ನು ‘ಅನಂತ ಸಿಕ್ಕುವುದಿಲ್ಲ’ ಎಂದು ಹೇಳುತ್ತಾರೆ.

ಎಲ್ಲ ಹೊಸದೂ ಹಳೆಯದಕ್ಕೆ ಹೀಗೆ ಎಡೆಗೊಡಲಾರದು. ಜಪಾನಿನ ಕ್ಯಾನನ್ ಸಂಸ್ಥೆಯವರು 1971ರಲ್ಲಿ ‘ಎಫ್‌ಡಿ’ ಎಂಬ ಮಸೂರಗಳನ್ನು ಹೊರತಂದರು. ಅವುಗಳ ಅಂತರ 42 ಮಿಲಿಮೀಟರ್. 1987ರಲ್ಲಿ ತಾನೇ ಸ್ಫುಟಗೊಳ್ಳುವ ಮಸೂರಗಳಿಗಾಗಿ ‘ಇಎಫ್’ ಎಂಬ ಬೇರೊಂದು ಪದ್ಧತಿಯನ್ನು ತಂದರು. ಅದರ ಅಂತರ 44. ಬದಲಾವಣೆಗೆ ಕಾರಣವೇನೋ ಸಮರ್ಪಕವಾದುದೇ. ಆದರೆ ಎರಡು ಮಿಲಿಮೀಟರು ಹೆಚ್ಚಾದ ಮಾತ್ರಕ್ಕೆ ಹಳೆಯ ಮಸೂರಕ್ಕೆ ಹೊಸ ಮನೆಯಲ್ಲಿ ಸ್ಥಳವಿಲ್ಲದಂತಾಯಿತು. ಉಳಿದ ಉಪಾಯ ಎರಡೇ: ನಡುವೆ ಇನ್ನೊಂದು ಗಾಜನ್ನಿಟ್ಟು ಚಿತ್ರವನ್ನೇ ತಿದ್ದುವುದು, ಇಲ್ಲವೆ ಮಸೂರದ ಹಿಂಬದಿಯನ್ನು ಕಿತ್ತು ಬೇರೆ ಅಂಚನ್ನು ಕೂರಿಸುವುದು. ಹಾಗೆ ಕೀಳಿಸಿಕೊಂಡ ಮಸೂರವು ತನ್ನ ಹಳೆಯ ಕ್ಯಾಮರಾದ ಮೇಲೆ ಮತ್ತೆ ಕೂರಲಾರದು. 2018ರಲ್ಲಿ ಅದೇ ಸಂಸ್ಥೆಯ ಕನ್ನಡಿಯಿಲ್ಲದ ‘ಆರ್‌ಎಫ್’ ಪದ್ಧತಿ ಬಂದು ಅಂತರವು 20ಕ್ಕೆ ಇಳಿಯಿತು. ಆಗ 22 ಮಿಲಿಮೀಟರಿನ ಬರಿದಾದ ಬಳೆಯೊಂದರಿಂದಲೇ ಆ ಹಳೆಯ ಮಸೂರಗಳು ಮತ್ತೆ ಕಣ್ಣು ತೆರೆದುವು.

ಇದನ್ನು ಕೇಳುತ್ತಿದ್ದಾಗ ಪಾಠಶಾಲೆಯಲ್ಲಿ ವ್ಯಾಕರಣವನ್ನು ಓದಿದ ದಿನಗಳು ನೆನಪಿಗೆ ಬಂದುವು. ಆದೇಶವು ಶತ್ರುವಿನಂತೆ, ಆಗಮವು ಮಿತ್ರನಂತೆ ಎಂದು ಗುರುಗಳು ಹೇಳಿಕೊಡುತ್ತಿದ್ದರು. ಆದೇಶವು ಇದ್ದ ಅಕ್ಷರವನ್ನು ಅಟ್ಟಿ ಅದರ ಸ್ಥಳದಲ್ಲಿ ತಾನು ಕೂರುತ್ತದೆ: ಮಳೆ, ಕಾಲ ಎಂಬವು ಸೇರಿ ಮಳೆಗಾಲವಾದಾಗ ಕಕಾರವು ಹೋಗಿ ಗಕಾರವು ಬರುತ್ತದೆ. ಆಗಮವಾದರೋ ಯಾರನ್ನೂ ಅಟ್ಟದೆ ಮಗ್ಗುಲಲ್ಲಿ ಬಂದು ನಿಲ್ಲುತ್ತದೆ: ಮನೆ, ಅನ್ನು ಎಂಬವು ‘ಮನೆಯನ್ನು’ ಎಂದಾಗುವಲ್ಲಿ ಎಕಾರವೂ ಉಳಿಯಿತು, ಅಕಾರವೂ ಉಳಿಯಿತು. ನಡುವೆ ಬಂದ ಯಕಾರಕ್ಕೆ ಸ್ವಂತದ ಅರ್ಥವೇನೂ ಇಲ್ಲ. ಲೋಪ ಮಾಡಿದರೆ ಅರ್ಥ ಕೆಡುವ ಕಡೆಯಲ್ಲಿ ಆಗಮವು ಬರಬೇಕೆಂಬುದು ಕನ್ನಡ ವ್ಯಾಕರಣದ ನಿಯಮ. ಮೊಮ್ಮಗನ ಬಳೆಯು ಆ ಯಕಾರದ ಜಾತಿಯದು. ಹಿಂಬದಿಯನ್ನು ಕೀಳುವ ಉಪಾಯವು ಆದೇಶದ ಜಾತಿಯದು. ಅಕ್ಷರಕ್ಕೆ ನೋವಿಲ್ಲವಾದ್ದರಿಂದ ವ್ಯಾಕರಣದಲ್ಲಿ ಎರಡೂ ಸಾಧುವೇ. ಮನುಷ್ಯರ ವಿಷಯದಲ್ಲಿ ಹಾಗೆನ್ನಲಾಗದು.

ಇಲ್ಲಿ ಒಂದು ಆಕ್ಷೇಪ ಬರಬಹುದು: ಹಳೆಯದೆಂದ ಮಾತ್ರಕ್ಕೆ ಎಲ್ಲವನ್ನೂ ಉಳಿಸಿಕೊಳ್ಳಬೇಕೆ? ಬೇಡ. ಬೂಷ್ಟು ಹಿಡಿದು ಮಂಕಾದ ಮಸೂರಕ್ಕೆ ಯಾವ ಬಳೆಯೂ ಮದ್ದಲ್ಲ. ಬಳೆಯು ದೂರವನ್ನು ಸರಿಪಡಿಸೀತೇ ಹೊರತು ದೋಷವನ್ನು ಕಳೆಯದು. ಉಳಿಸಿಕೊಂಡದ್ದಕ್ಕೆ ಬೆಲೆಯೂ ಉಂಟು. ಹೊಸ ಮಸೂರವು ಕ್ಷಣದಲ್ಲಿ ತಾನೇ ಸ್ಫುಟಗೊಳ್ಳುತ್ತದೆ; ಹಳೆಯದನ್ನು ಪ್ರತಿಸಲವೂ ಕೈಯಿಂದ ತಿರುಗಿಸಿ, ಕಾದು, ನೋಡಬೇಕು. ಆ ತಾಳ್ಮೆಯಿಲ್ಲದವನಿಗೆ ಅದು ಭಾರವೇ ಸರಿ. ಹಿರಿಯರಾದ ನಾವು ಇದನ್ನು ನೆನಪಿನಲ್ಲಿಡಬೇಕು. ನಮ್ಮನ್ನು ಇದ್ದಂತೆಯೇ ಇಟ್ಟುಕೊಂಡವರು ದಿನದಿನವೂ ಸ್ವಲ್ಪ ಶ್ರಮವನ್ನು ಹೊರುತ್ತಿದ್ದಾರೆ. ಮತ್ತೊಂದು ಸಂಗತಿಯೂ ಗಮನಾರ್ಹ: ಎಡೆ ದೊರೆತದ್ದು ಹೊಸದು ತನ್ನೊಳಗಿನ ಕನ್ನಡಿಯನ್ನು ಬಿಟ್ಟುಕೊಟ್ಟಿದ್ದರಿಂದ. ಹಳೆಯ ಮಸೂರವು ತಾನಾಗಿ ಕುಗ್ಗಲಾರದು. ಜಾಗ ಮಾಡಿಕೊಡುವ ಶಕ್ತಿ ಯಾರಿಗಿದೆಯೋ ಕರ್ತವ್ಯವೂ ಅವರದೇ.

ಶಕ್ತಿ ನನ್ನಲ್ಲಿದ್ದಾಗ ನಾನು ಮಾಡಿದುದೇನೆಂಬುದನ್ನು ಹೇಳದೆ ಈ ಲೇಖನವನ್ನು ಮುಗಿಸಿದರೆ ಅದು ಪ್ರಾಮಾಣಿಕವಾಗದು. ಬಹಳ ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಹಳ್ಳಿಯ ಹುಡುಗನೊಬ್ಬನಿದ್ದನು. ಕಥೆ ಹೇಳುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಆದರೆ ಅವನ ಬಾಯಲ್ಲಿ ಹಳ್ಳಿಯು ‘ಅಳ್ಳಿ’ಯಾಗುತ್ತಿತ್ತು, ಹಾವು ‘ಆವು’ ಆಗುತ್ತಿತ್ತು. ನಾನು ಮಾತುಮಾತಿಗೆ ತಡೆದು ತಿದ್ದಿದೆನು. ಒಡನೆ ಓದುವವರು ನಕ್ಕರು. ವರ್ಷ ಮುಗಿಯುವ ಹೊತ್ತಿಗೆ ಅವನ ಹಕಾರ ಸರಿಯಾಯಿತು. ಅಷ್ಟರಲ್ಲಿ ಕಥೆ ಹೇಳುವುದನ್ನು ಅವನು ನಿಲ್ಲಿಸಿಬಿಟ್ಟಿದ್ದನು. ನಾನು ಅದನ್ನು ಗಮನಿಸಿಯೂ ನನ್ನ ಬೋಧನೆ ಫಲಿಸಿತೆಂದೇ ಭಾವಿಸಿದೆನು. ಶಿಷ್ಟಭಾಷೆಯನ್ನು ಕಲಿಸಬೇಕಾದುದು ಅಧ್ಯಾಪಕನ ಧರ್ಮವೇ. ಅದನ್ನು ಈಗಲೂ ಅಲ್ಲಗಳೆಯುವುದಿಲ್ಲ. ಆದರೆ ಅವನ ಕಥೆ ಮುಗಿಯುವವರೆಗೆ ಸುಮ್ಮನಿದ್ದು, ಆಮೇಲೆ ಹಲಗೆಯ ಮೇಲೆ ಆ ಮಾತುಗಳನ್ನು ಬರೆದು ತೋರಿಸಬಹುದಾಗಿತ್ತು. ನಡುವೆ ಅಷ್ಟು ಹೊತ್ತಿನ ಮೌನ ಸಾಕಾಗಿತ್ತು; ಮನೆಯ ಮಾತೂ ಪುಸ್ತಕದ ಮಾತೂ ಅವನಲ್ಲಿ ಎರಡೂ ಉಳಿಯುತ್ತಿದ್ದುವು. ನನಗೆ ಆದೇಶವೊಂದೇ ತಿಳಿದಿತ್ತು.

ಅಂದು ಸಂಜೆ ಮೊಮ್ಮಗನು ಕ್ಯಾಮರಾವನ್ನು ಊರಾಚೆಯ ಗುಡ್ಡದ ಕಡೆಗೆ ತಿರುಗಿಸಿ, ಮಸೂರವನ್ನು ಕೊನೆಯವರೆಗೆ ತಿರುಗಿಸಿ, ನನ್ನನ್ನು ಕರೆದು ತೋರಿಸಿದನು. ಗುಡ್ಡದ ಮೇಲಿನ ಮರಗಳು ಒಂದೊಂದಾಗಿ ಸ್ಫುಟವಾಗಿದ್ದುವು. “ಬಳೆಯ ಅಳತೆ ಸರಿಯಾಗಿದೆ, ಚಿಕ್ಕತಾತ” ಎಂದನು. ನಾನು ಆ ಹುಡುಗನನ್ನು ನೆನೆಯುತ್ತಾ ಹೌದೆಂದೆನು.